ಕೆಂಗಲ್ ಹನುಮಂತಯ್ಯ ಮತ್ತು ಎಸ್. ನಿಜಲಿಂಗಪ್ಪ: ಏಕೀಕರಣದ ದೃಷ್ಟಿಯಿಂದ ಒಂದು ತುಲನೆ

ಆಧುನಿಕ ಕರ್ನಾಟಕದ ಚರಿತ್ರೆಯನ್ನು ಬೋಧಿಸುವಾಗ ಕೆಂಗಲ್ ಹನುಮಂತಯ್ಯನವರನ್ನು ವಿಧಾನಸೌಧದ ನಿರ್ಮಾಪಕರೆಂದೂ ಎಸ್. ನಿಜಲಿಂಗಪ್ಪನವರನ್ನು ಏಕೀಕರಣದ ಶಿಲ್ಪಿಯೆಂದೂ ವಿಂಗಡಿಸಿ ಹೇಳುವ ರೂಢಿಯುಂಟು. ವಿದ್ಯಾರ್ಥಿಗಳಿಗೆ ಇದು ಅನುಕೂಲವಾದ ವಿಂಗಡಣೆಯೇ ಹೌದು. ಆದರೆ ಏಕೀಕರಣಕ್ಕಾಗಿ ಯಾರು ಏನನ್ನು ಪಣವಾಗಿಟ್ಟರೆಂಬ ಪ್ರಶ್ನೆಯನ್ನು ಅದು ಮರೆಮಾಡುತ್ತದೆ.

ಇಬ್ಬರೂ ವಕೀಲರು, ಇಬ್ಬರೂ ಸಂವಿಧಾನ ಸಭೆಯ ಸದಸ್ಯರು. ಹನುಮಂತಯ್ಯನವರು (1908-1980) ಆ ಸಭೆಗೆ ಹೋದುದು ಮೈಸೂರು ಸಂಸ್ಥಾನದಿಂದ. ನಿಜಲಿಂಗಪ್ಪನವರಾದರೋ (1902-2000) ಚಿತ್ರದುರ್ಗದಲ್ಲಿ ನೆಲೆಸಿದ್ದವರಾದರೂ ಮುಂಬಯಿ ಪ್ರಾಂತದ ಪ್ರತಿನಿಧಿಯಾಗಿ ಹೋದರು. ಮೈಸೂರಿನ ಗಡಿಯಾಚೆಯ ಕನ್ನಡಿಗರೊಡನೆ ಅವರಿಗಿದ್ದ ಬಾಂಧವ್ಯ ಇದರಿಂದಲೇ ವಿದಿತವಾಗುತ್ತದೆ. ಏಕೀಕರಣದಿಂದ ಅವರು ಕಳೆದುಕೊಳ್ಳಬೇಕಾದುದು ಹೆಚ್ಚೇನೂ ಇರಲಿಲ್ಲ.

1952ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾದ ಹನುಮಂತಯ್ಯನವರ ಸ್ಥಿತಿ ಬೇರೆ. ಹಳೆಯ ಮೈಸೂರಿನಲ್ಲಿ ವಿಲೀನಕ್ಕೆ ಪ್ರಬಲವಾದ ವಿರೋಧವಿತ್ತು. ಕೃಷ್ಣರಾಜಸಾಗರ, ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಾರ್ಖಾನೆ ಮುಂತಾದವುಗಳಿಂದ ಪ್ರಗತಿ ಹೊಂದಿದ್ದ ಸೀಮೆ ತನ್ನ ಆದಾಯವನ್ನು ಹಿಂದುಳಿದ ಜಿಲ್ಲೆಗಳೊಡನೆ ಹಂಚಿಕೊಳ್ಳಬೇಕಾದೀತೆಂಬುದು ಬಹಿರಂಗವಾಗಿ ಹೇಳುತ್ತಿದ್ದ ಕಾರಣ. ಒಕ್ಕಲಿಗರ ರಾಜಕೀಯ ಪ್ರಾಬಲ್ಯ ಕುಗ್ಗಿ ಲಿಂಗಾಯತರದು ಹೆಚ್ಚೀತೆಂಬುದು ಅಷ್ಟಾಗಿ ಬಾಯಿಬಿಟ್ಟು ಹೇಳದಿದ್ದ ಕಾರಣ. ಹನುಮಂತಯ್ಯನವರು ಸ್ವತಃ ಒಕ್ಕಲಿಗರು. ಆದಾಗ್ಯೂ 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂದಾಗ ಅವರು ವಿಲೀನದ ಪರವಾಗಿಯೇ ನಿಂತರು. ಅದರ ಫಲಿತಾಂಶವನ್ನು ಅವರು ಅರಿಯದೆ ಇದ್ದರೆಂದು ಭಾವಿಸುವುದು ಕಷ್ಟ. 1956ರ ಆಗಸ್ಟ್‌ನಲ್ಲಿ ಸ್ವಪಕ್ಷದ ಶಾಸಕರ ವಿಶ್ವಾಸವನ್ನು ಕಳೆದುಕೊಂಡು ಅವರು ಅಧಿಕಾರ ಬಿಡಬೇಕಾಯಿತು. ಏಕೀಕರಣವೊಂದೇ ಇದಕ್ಕೆ ಕಾರಣವೆನ್ನಲಾಗದು; ಅವರ ನಿಷ್ಠುರ ಸ್ವಭಾವವೂ ವಿಧಾನಸೌಧದ ವೆಚ್ಚವನ್ನು ಕುರಿತ ಟೀಕೆಯೂ ಜೊತೆಗೂಡಿದ್ದುವು. ಆದರೂ ಅವರು ಯಾವ ರಾಜ್ಯಕ್ಕಾಗಿ ವಾದಿಸಿದರೋ ಅದು ನವೆಂಬರ್ 1ರಂದು ಉದಯಿಸಿದಾಗ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪನವರು.

ನಿಜಲಿಂಗಪ್ಪನವರ ಕಾರ್ಯ ಕಣ್ಣಿಗೆ ಕಾಣುವಂಥದಲ್ಲ. ಆದುದರಿಂದಲೇ ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದು ನನ್ನ ಅಭಿಪ್ರಾಯ. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಿಂದ ಬಂದ ಪ್ರದೇಶಗಳಿಗೆ ಐದು ಬಗೆಯ ಭೂಕಾಯಿದೆ, ಕಂದಾಯಪದ್ಧತಿ, ನೌಕರರ ಶ್ರೇಣಿಗಳಿದ್ದುವು. ಇವನ್ನು ಹೊಂದಿಸುವ ಕೆಲಸ 1956-58ರಲ್ಲಿ ಮೊದಲಾಗಿ, ನಡುವೆ ಬಿ. ಡಿ. ಜತ್ತಿಯವರ ಕಾಲದಲ್ಲಿ ಮುಂದುವರಿದು, 1962ರಿಂದ 1968ರವರೆಗಿನ ನಿಜಲಿಂಗಪ್ಪನವರ ಎರಡನೆಯ ಅವಧಿಯಲ್ಲಿಯೂ ಸಾಗಿತು. ಕಟ್ಟಡಕ್ಕೆ ಶಿಲಾಫಲಕವಿರುತ್ತದೆ, ಜ್ಯೇಷ್ಠತಾ ಪಟ್ಟಿಗೆ ಇರುವುದಿಲ್ಲ!

1969ರಲ್ಲಿ ಕಾಂಗ್ರೆಸ್ಸು ಒಡೆದಾಗ ಇಬ್ಬರ ಹಾದಿಗಳು ಮತ್ತೆ ಕವಲೊಡೆದುವು. ಅಖಿಲಭಾರತ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿದರು; ಹನುಮಂತಯ್ಯನವರು ಆಕೆಯ ಪಕ್ಷದಲ್ಲಿಯೇ ಇದ್ದು 1971ರಲ್ಲಿ ರೈಲ್ವೆ ಸಚಿವರಾದರು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಪಕ್ಷದ ಪಾಲಾದುವು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದ 1973ರ ನವೆಂಬರ್‌ನಲ್ಲಿ ಮುಖ್ಯಮಂತ್ರಿಯಾಗಿದ್ದವರು ಇವರಿಬ್ಬರಲ್ಲಿ ಯಾರೂ ಅಲ್ಲ, ಡಿ. ದೇವರಾಜ ಅರಸು.