ಪಪ್ಪಾಯ ಕಾಯಿ ಗಂಟುಗಂಟಾಯ್ತಾ? ಔಷಧಿ ಅಂಗಡಿಗೆ ಹೋಗೋ ಮುಂಚೆ ಇದನ್ನು ಓದಿ

ಯುವ ರೈತ ಮಿತ್ರರೇ, ಪಪ್ಪಾಯ ಅಂದ್ರೆ ಬೇಗ ಕೈಗೆ ದುಡ್ಡು ಬರುವ ಬೆಳೆ. ಸಸಿ ನೆಟ್ಟು 9-10 ತಿಂಗಳಿಗೆಲ್ಲ ಕೊಯ್ಲು ಶುರುವಾಗುತ್ತೆ. ಆದರೆ ಗಿಡ ಎಷ್ಟೇ ಹಸಿರಾಗಿದ್ದರೂ ಕಾಯಿಯ ಮೈ ಕೆಟ್ಟರೆ ವ್ಯಾಪಾರಿ ಅರ್ಧ ಮಾಲು ತೋಟದಲ್ಲೇ ಬಿಟ್ಟು ಹೋಗ್ತಾನೆ. ಆಗ ಗಾಬರಿಯಲ್ಲಿ ಅಂಗಡಿಯವರು ಕೊಟ್ಟಿದ್ದನ್ನೆಲ್ಲ ತಂದು ಹೊಡೆಯೋದೇ ಹೆಚ್ಚು. ಕಾಯಿಯನ್ನು ಸರಿಯಾಗಿ ನೋಡಿದರೆ ಈ ಖರ್ಚಿನಲ್ಲಿ ಬಹುಪಾಲು ಉಳಿಯುತ್ತೆ.

ಗಂಟು ಕಾಯಿ: ಬೋರಾನ್ ಕೊರತೆಯೋ, ನಂಜು ರೋಗವೋ?

ಎರಡರಲ್ಲೂ ಕಾಯಿ ಉಬ್ಬುತಗ್ಗಾಗುತ್ತೆ. ಹಾಗಾಗಿ ಗೊಂದಲ ಸಹಜ. ಆದರೆ ಒಂದಕ್ಕೆ ಪರಿಹಾರ ಇದೆ, ಇನ್ನೊಂದಕ್ಕೆ ಔಷಧಿಯೇ ಇಲ್ಲ.

ಬೋರಾನ್ ಕೊರತೆಯಾದರೆ ಎಳೆ ಕಾಯಿಯ ಮೈಯಿಂದ ಹಾಲು ತೊಟ್ಟಿಕ್ಕುತ್ತೆ. ಕಾಯಿ ಸೊಟ್ಟಗಾಗಿ ಬೆಳೆಯುತ್ತೆ. ಕೊಯ್ದು ನೋಡಿದರೆ ಒಳಗೆ ಬೀಜ ಸರಿಯಾಗಿ ಬಲಿತಿರೋದಿಲ್ಲ. ಮರಳು ಮಣ್ಣಿನಲ್ಲಿ, ನೀರು ಕಡಿಮೆ ಬಿದ್ದಾಗ ಇದು ಜಾಸ್ತಿ. ನೆಟ್ಟ 4ನೇ ಮತ್ತು 8ನೇ ತಿಂಗಳಲ್ಲಿ ಒಂದು ಲೀಟರ್ ನೀರಿಗೆ 1 ಗ್ರಾಂ ಬೋರಿಕ್ ಆಸಿಡ್ ಬೆರೆಸಿ ಸಿಂಪಡಿಸಿ. ಒಂದಕ್ಕೆ ಎರಡು ಹಾಕಿದರೆ ಬೇಗ ವಾಸಿಯಾಗುತ್ತೆ ಅಂದುಕೊಳ್ಳಬೇಡಿ. ಬೋರಾನ್ ಹೆಚ್ಚಾದರೆ ಎಲೆ ಸುಡುತ್ತೆ. ಈಗಾಗಲೇ ಸೊಟ್ಟಗಾದ ಕಾಯಿ ನೆಟ್ಟಗಾಗೋದಿಲ್ಲ, ಮುಂದಿನ ಕಾಯಿಗಳು ಸರಿಯಾಗುತ್ತವೆ.

ಉಂಗುರ ಚುಕ್ಕೆ ನಂಜು ರೋಗವಾದರೆ ಕಾಯಿಯ ಮೇಲೆ ಸಣ್ಣ ಸಣ್ಣ ಉಂಗುರ ಕಾಣುತ್ತೆ. ಕಾಂಡದ ಮೇಲ್ಭಾಗ ಮತ್ತು ಎಲೆ ತೊಟ್ಟಿನ ಮೇಲೆ ಎಣ್ಣೆ ಸವರಿದಂಥ ಕಡು ಹಸಿರು ಗೀರುಗಳಿರುತ್ತವೆ. ಸುಳಿಯ ಎಲೆ ಹಳದಿ-ಹಸಿರು ಮಚ್ಚೆಯಾಗಿ, ಆಮೇಲೆ ದಾರದಂತೆ ಕಿರಿದಾಗುತ್ತೆ. ಬೋರಾನ್ ಕೊರತೆಯಲ್ಲಿ ಈ ಉಂಗುರ, ಗೀರು ಇರೋದಿಲ್ಲ.

ಈ ನಂಜನ್ನು ಹರಡೋದು ಸಸ್ಯಹೇನು. ರೋಗದ ಗಿಡಕ್ಕೆ ಚುಚ್ಚಿ, ಪಕ್ಕದ ಗಿಡಕ್ಕೆ ಹಾರಿ ನಂಜು ದಾಟಿಸೋಕೆ ಅದಕ್ಕೆ ಕೆಲವೇ ಕ್ಷಣ ಸಾಕು. ನೀವು ಹೊಡೆದ ಕೀಟನಾಶಕಕ್ಕೆ ಹೇನು ಸಾಯುವಷ್ಟರಲ್ಲಿ ರೋಗ ಆಗಲೇ ದಾಟಿರುತ್ತೆ. ಅದಕ್ಕೇ ಮೊದಲ ಒಂದೆರಡು ಗಿಡದಲ್ಲಿ ಕಂಡ ಕೂಡಲೇ ಬೇರು ಸಮೇತ ಕಿತ್ತು ಸುಟ್ಟುಬಿಡಿ. ಕಾಯಿ ತುಂಬಿದ ಗಿಡ ಕೀಳೋಕೆ ಹೊಟ್ಟೆ ಉರಿಯುತ್ತೆ, ನಿಜ. ಆದರೆ ಅದನ್ನು ಉಳಿಸಿಕೊಂಡರೆ ನಿಮ್ಮ ತೋಟದ ಜೊತೆ ಪಕ್ಕದವರ ತೋಟವೂ ಹೋಗುತ್ತೆ.

ಮುಂದಿನ ಬೆಳೆಗೆ ಹೀಗೆ ಮಾಡಿ: ಸಸಿಗಳನ್ನು ನೆರಳು ಪರದೆಯಲ್ಲಲ್ಲ, ಕೀಟ ನುಗ್ಗದ ಸಣ್ಣ ಕಣ್ಣಿನ ಬಲೆಯೊಳಗೆ ಬೆಳೆಸಿ. ನಾಟಿಗೆ ಒಂದು ತಿಂಗಳ ಮುಂಚೆ ತೋಟದ ಸುತ್ತ ಎರಡು ಸಾಲು ಮೆಕ್ಕೆಜೋಳ ಹಾಕಿ. ಸಾಲಿನ ಮಧ್ಯೆ ಕುಂಬಳ, ಸೌತೆ, ಕಲ್ಲಂಗಡಿ ಬೇಡ.

ಹೂವು ಇದೆ, ಕಾಯಿ ಇಲ್ಲ

ಉದ್ದ ತೊಟ್ಟಿನಲ್ಲಿ ಗೊಂಚಲು ಗೊಂಚಲಾಗಿ ಹೂವು ಜೋತಾಡುತ್ತಿದ್ದರೆ ಅದು ಗಂಡು ಗಿಡ. ಗಂಡು-ಹೆಣ್ಣು ಬೇರೆ ಬೇರೆ ಇರುವ ತಳಿಗಳಲ್ಲಿ ಸುಮಾರು ಅರ್ಧ ಗಿಡ ಗಂಡೇ ಆಗಬಹುದು. ಪರಾಗಕ್ಕೆ ಹತ್ತು ಹೆಣ್ಣಿಗೆ ಒಂದು ಗಂಡು ಇಟ್ಟುಕೊಂಡು ಉಳಿದವನ್ನು ತೆಗೆಯಿರಿ. ಕೂರ್ಗ್ ಹನಿಡ್ಯೂ, ಅರ್ಕಾ ಪ್ರಭಾತ್, ರೆಡ್ ಲೇಡಿಯಂಥವುಗಳಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳು ಬರೋದರಿಂದ ಈ ತಲೆನೋವಿಲ್ಲ. ಆದರೆ ರೆಡ್ ಲೇಡಿ ಹೈಬ್ರಿಡ್ ತಳಿ. ಅದರ ಹಣ್ಣು ತಿಂದು ಬೀಜ ಎತ್ತಿಟ್ಟು ಹಾಕಿದರೆ ಅದೇ ಗುಣ ಬರೋದಿಲ್ಲ.

ದ್ವಿಲಿಂಗಿ ಗಿಡದಲ್ಲಿ ಕಡು ಬೇಸಿಗೆಗೆ ಹೂವು ಕಾಯಿ ಕಟ್ಟದೆ ಉದುರೋದುಂಟು. ಚಳಿ, ಅತಿ ನೀರು, ಅತಿ ಯೂರಿಯಾ ಸೇರಿದರೆ ಕಾಯಿ ಮಡಿಕೆ ಮಡಿಕೆಯಾಗಿ ಬರುತ್ತೆ. ಇದು ರೋಗ ಅಲ್ಲ. ಅಂಥ ಕಾಯಿಯನ್ನು ಎಳೆಯದಿದ್ದಾಗಲೇ ಚಿವುಟಿ ಹಾಕಿ, ಪಕ್ಕದ ಕಾಯಿ ದಪ್ಪವಾಗುತ್ತೆ.

ಕಾಯಿ ಮೇಲೆ ಬಿಳಿ ಹತ್ತಿಯಂಥ ಹಿಟ್ಟು

ಇದು ಹಿಟ್ಟು ತಿಗಣೆ. 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡು ನಮ್ಮ ರಾಜ್ಯಕ್ಕೂ ಬಂತು. 2010ರಲ್ಲಿ ಬೆಂಗಳೂರಿನ ಕೇಂದ್ರ ಸಂಸ್ಥೆಯೊಂದರ ವಿಜ್ಞಾನಿಗಳು ಪೋರ್ಟೊರಿಕೊದಿಂದ ಅಸಿರೋಫೇಗಸ್ ಪಪಾಯೆ ಎಂಬ ಪುಟ್ಟ ಪರತಂತ್ರ ಕಣಜ ತರಿಸಿ ಬಿಟ್ಟರು. ಹಾವಳಿ ತಗ್ಗಿದ್ದು ಅದರಿಂದಲೇ. ಹಿಟ್ಟು ಕಂಡ ತಕ್ಷಣ ಘಾಟು ಕೀಟನಾಶಕ ಹೊಡೆದರೆ ಮೊದಲು ಸಾಯೋದು ಈ ಕಣಜ. ಹತ್ತಿದ ಎಲೆ, ಕಾಯಿ ತೆಗೆದು ನಾಶ ಮಾಡಿ, ಜೋರಾಗಿ ನೀರು ಹೊಡೆದು ತೊಳೆಯಿರಿ, ಇರುವೆ ಗೂಡು ತೆಗೆಯಿರಿ. ಇರುವೆಗಳೇ ತಿಗಣೆಗೆ ಕಾವಲು.

ಹಣ್ಣಾಗುವಾಗ ಕಪ್ಪು ಕುಳಿ, ತಿಂದರೆ ಸಪ್ಪೆ

ಮಾರುಕಟ್ಟೆಗೆ ಹೋದ ಮೇಲೆ ಕಾಣುವ ಕುಳಿಬಿದ್ದ ಕಪ್ಪು ಮಚ್ಚೆ ಚಿಬ್ಬು ರೋಗ. ಶಿಲೀಂಧ್ರ ಹಸಿ ಕಾಯಲ್ಲೇ ಸೇರಿ ಸುಮ್ಮನಿದ್ದು, ಹಣ್ಣಾದಾಗ ಎದ್ದೇಳುತ್ತೆ. ಒಣಗಿದ ಎಲೆ, ಉದುರಿದ ಹಣ್ಣು ತೋಟದಲ್ಲಿ ಬಿಡಬೇಡಿ. ಕೊಯ್ಯುವಾಗ ಕಾಯಿಗೆ ಪೆಟ್ಟು, ಗೀರು ಆಗದಿರಲಿ.

ಸಪ್ಪೆಯಾಗೋಕೆ ಮುಖ್ಯ ಕಾರಣ ಬಲಿಯದ ಕಾಯಿ ಕೀಳೋದು. ಕಾಯಿ ಮೇಲೆ ಹಳದಿ ಗೆರೆ ಮೂಡಿ, ಗೀರಿದರೆ ಹಾಲು ನೀರಾಗಿ ಬಂದಾಗ ಕೊಯ್ಯಿರಿ. ಪೊಟ್ಯಾಷ್ ಕಡಿಮೆಯಾದರೂ, ಬುಡದಲ್ಲಿ ನೀರು ನಿಂತರೂ ರುಚಿ ಕೆಡುತ್ತೆ. ಏರುಮಡಿ ಮಾಡಿ, ಬಸಿಗಾಲುವೆ ತೆಗೆದು, ಡ್ರಿಪ್‌ನಲ್ಲಿ ಹದವಾಗಿ ನೀರು ಕೊಡಿ.

ಮೊಬೈಲ್ ಹೀಗೆ ಬಳಸಿ

ಅನುಮಾನ ಬಂದರೆ ಐದು ಫೋಟೊ ತೆಗೆಯಿರಿ: ಪೂರ್ತಿ ಗಿಡ, ಸುಳಿ ಎಲೆ, ಕಾಂಡ, ಕಾಯಿ, ಅಡ್ಡ ಕೊಯ್ದ ಕಾಯಿ. ಬೆಳಗಿನ ಬೆಳಕಿನಲ್ಲಿ, ಕೈ ಅಲುಗದಂತೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಇಲ್ಲವೇ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೆ ತೋರಿಸಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಎಷ್ಟು ಗಿಡಕ್ಕೆ ಬಂದಿದೆ, ಒಂದೇ ಕಡೆಯೋ ತೋಟದ ತುಂಬವೋ, ಕಡೇ ಸಲ ಯಾವ ಗೊಬ್ಬರ ಕೊಟ್ಟಿರಿ, ಇಷ್ಟನ್ನು ಮೊದಲೇ ಬರೆದಿಟ್ಟುಕೊಳ್ಳಿ. ಔಷಧಿ ಬೇಕೋ ಬೇಡವೋ ಅನ್ನೋದು ಆಮೇಲಿನ ಮಾತು.