ಕಟ್ಟಿಕೊಳ್ಳುವುದೋ, ಕೂಡಿಡುವುದೋ? ಎಚ್‌ಎಂಟಿ ಗಡಿಯಾರದ ಮುಂದಿರುವ ಪ್ರಶ್ನೆ

ಬೆಂಗಳೂರು: ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಕಬ್ಬಿಣದ ಬೀರುವಿನ ಒಳಖಾನೆಯನ್ನು ತೆರೆದರೆ ಮನೆಯ ಕ್ರಯಪತ್ರ, ಬ್ಯಾಂಕಿನ ಪಾಸ್‌ಬುಕ್ಕುಗಳ ನಡುವೆ ನಿಂತುಹೋದ ಎಚ್‌ಎಂಟಿ ಕೈಗಡಿಯಾರವೊಂದು ಸಿಗುವುದು ಅಪರೂಪವೇನಲ್ಲ. ಅದು ತಂದೆಗೆ ಮದುವೆಯಲ್ಲಿ ಬಂದದ್ದಿರಬಹುದು, ತಾತ ನಿವೃತ್ತಿಯ ದಿನ ಪಡೆದದ್ದಿರಬಹುದು. ಮನೆಯವರು ಅದನ್ನು ಎಸೆಯಲಾರರು, ಕಟ್ಟಿಕೊಳ್ಳುವುದೂ ಇಲ್ಲ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬಿಟಿಎಂ ಲೇಔಟ್‌ನ ಬಾಡಿಗೆ ಮನೆಯಲ್ಲಿ ಸಾಫ್ಟ್‌ವೇರ್ ಉದ್ಯೋಗಿಯೊಬ್ಬ ಅದೇ ಮಾದರಿಯ ಗಡಿಯಾರವನ್ನು ಅಂತರಜಾಲದಲ್ಲಿ ಹುಡುಕಿ, ಹಣ ತೆತ್ತು ತರಿಸಿಕೊಂಡು ಮೆತ್ತನೆಯ ಪೆಟ್ಟಿಗೆಯಲ್ಲಿಡುತ್ತಾನೆ. ಅವನೂ ಅದನ್ನು ಕಟ್ಟಿಕೊಳ್ಳುವುದು ಅಪರೂಪ.

ಒಂದೆಡೆ ಮರೆವು, ಇನ್ನೊಂದೆಡೆ ಮೋಹ. ಗಡಿಯಾರ ಮಾತ್ರ ಎರಡೂ ಕಡೆ ನಿಂತೇ ಇದೆ. ಬಳಸಲೆಂದೇ ಮಾಡಿದ ವಸ್ತುವನ್ನು ಬಳಸದೆ ಕಾಪಾಡುವುದು ಸರಿಯೇ ಎಂಬ ಪ್ರಶ್ನೆ ಸಂಗ್ರಹಕಾರರ ವಲಯದಲ್ಲಿ ಹೊಸದೇನೂ ಅಲ್ಲ. ಆದರೆ ತಯಾರಿಕೆಯನ್ನೇ ನಿಲ್ಲಿಸಿದ ಕಾರ್ಖಾನೆಗಳ ಗಡಿಯಾರಗಳ ವಿಷಯದಲ್ಲಿ ಅದಕ್ಕೆ ಬೇರೆಯದೇ ತೂಕವಿದೆ.

ಜಾಲಹಳ್ಳಿಯಿಂದ ಜನರ ಕೈಗೆ

ಯಂತ್ರೋಪಕರಣಗಳ ತಯಾರಿಕೆಗಾಗಿ ಹಿಂದೂಸ್ತಾನ್ ಮಷಿನ್ ಟೂಲ್ಸ್ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1953ರಲ್ಲಿ. ನಗರದ ಉತ್ತರಕ್ಕಿರುವ ಜಾಲಹಳ್ಳಿಯಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಕೈಗಡಿಯಾರದ ಕಾರ್ಖಾನೆ 1961ರಲ್ಲಿ ಆರಂಭವಾಯಿತು. ಮೊದಲ ತಂಡದ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ. ಅದುವರೆಗೆ ಕೈಗಡಿಯಾರವೆಂದರೆ ವಿದೇಶದಿಂದ ಬರುವ ವಸ್ತುವೆಂದೇ ಇತ್ತು. ಜನತಾ, ಪೈಲಟ್, ಕೊಹಿನೂರ್, ಸೋನಾ, ಕಾಂಚನ್ ಎಂಬ ಹೆಸರುಗಳು ಮುಂದಿನ ಮೂರು ದಶಕಗಳಲ್ಲಿ ಮನೆಮಾತಾದವು. ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲಿಯೂ ಕಾರ್ಖಾನೆಗಳು ತಲೆಯೆತ್ತಿದವು. ಅಂಧರು ಮುಟ್ಟಿ ಸಮಯ ತಿಳಿಯಬಹುದಾದ ಬ್ರೈಲ್ ಗಡಿಯಾರವನ್ನೂ ಸಂಸ್ಥೆ ತಯಾರಿಸಿತು.

ಆ ಕಾಲದಲ್ಲಿ ಗಡಿಯಾರವನ್ನು ಸಂಗ್ರಹಿಸುವ ಪ್ರಶ್ನೆಯೇ ಇರಲಿಲ್ಲ. ಒಬ್ಬರಿಗೆ ಒಂದು ಗಡಿಯಾರ, ಅದೂ ಜೀವಮಾನಕ್ಕೆ. ಎಸ್ಸೆಸ್ಸೆಲ್ಸಿ ತೇರ್ಗಡೆಯಾದಾಗ, ನೌಕರಿ ಸಿಕ್ಕಾಗ ಅಥವಾ ಮದುವೆಯಲ್ಲಿ ಕೈಗೇರಿದ ಗಡಿಯಾರಕ್ಕೆ ಬೆಳಗ್ಗೆ ಎದ್ದೊಡನೆ ಕೀಲಿ ಕೊಡುವುದು ಹಲ್ಲುಜ್ಜುವಷ್ಟೇ ಸಹಜವಾದ ದಿನಚರಿಯಾಗಿತ್ತು.

ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳು ಬಂದಮೇಲೆ ಚಿತ್ರ ಬದಲಾಯಿತು. 1984ರಲ್ಲಿ ಸ್ಥಾಪನೆಯಾದ ಟೈಟಾನ್ ಬೆಂಗಳೂರಿಗೆ ಸಮೀಪದ ಹೊಸೂರಿನ ಕಾರ್ಖಾನೆಯಿಂದ ಕ್ವಾರ್ಟ್ಜ್ ಮಾದರಿಗಳನ್ನು ಮಾರುಕಟ್ಟೆಗೆ ತಂದಿತು. 1991ರ ಆರ್ಥಿಕ ಉದಾರೀಕರಣದ ನಂತರ ವಿದೇಶಿ ಗಡಿಯಾರಗಳಿಗೂ ದಾರಿ ತೆರೆಯಿತು. ಬಳಿಕ ಮೊಬೈಲ್ ಫೋನು ಸಮಯ ತಿಳಿಯಲು ಗಡಿಯಾರವೇ ಬೇಕೆಂಬ ಅಗತ್ಯವನ್ನು ಅಳಿಸಿಹಾಕಿತು. ನಷ್ಟದಲ್ಲಿದ್ದ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನೂ ಶ್ರೀನಗರದ ಎಚ್‌ಎಂಟಿ ಚಿನಾರ್ ವಾಚಸ್ ಸಂಸ್ಥೆಯನ್ನೂ ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊ ಪಾಲಾಯಿತು.

ಮುಚ್ಚುವ ಸುದ್ದಿ, ಕೊಳ್ಳುವ ನೂಕುನುಗ್ಗಲು

ವಿಪರ್ಯಾಸವೆಂದರೆ ಎಚ್‌ಎಂಟಿ ಗಡಿಯಾರಕ್ಕೆ ಹೊಸ ಬೇಡಿಕೆ ಹುಟ್ಟಿದ್ದು ಅದು ಮುಚ್ಚುತ್ತದೆ ಎಂಬ ವಾರ್ತೆಯಿಂದಲೇ. 2014ರಲ್ಲಿ ಈ ಸುದ್ದಿ ಪ್ರಕಟವಾಗುತ್ತಿದ್ದಂತೆ ಮಳಿಗೆಗಳ ಮುಂದೆ ಗ್ರಾಹಕರು ನೆರೆದರು. ವರ್ಷಗಟ್ಟಲೆ ಧೂಳು ಹಿಡಿದಿದ್ದ ದಾಸ್ತಾನು ಖಾಲಿಯಾಗತೊಡಗಿತು. ಹಾಗೆ ಕೊಂಡವರಲ್ಲಿ ಬಳಸಲೆಂದು ಕೊಂಡವರಿಗಿಂತ ನೆನಪಿಗೆಂದು ಕೊಂಡವರು, ನಾಳೆ ಬೆಲೆ ಬರುತ್ತದೆಂದು ಕೊಂಡವರು ಎದ್ದುಕಂಡರು. ಮೂಲ ಪೆಟ್ಟಿಗೆ, ಬೆಲೆಚೀಟಿ, ಖಾತರಿ ಪತ್ರಗಳೊಂದಿಗೆ ಒಮ್ಮೆಯೂ ಕಟ್ಟದೆ ಉಳಿದ ಗಡಿಯಾರಕ್ಕೆ ಸಂಗ್ರಹಕಾರರ ವಲಯದಲ್ಲಿ ಪ್ರತ್ಯೇಕ ಸ್ಥಾನ ದೊರೆಯಿತು. ಕಟ್ಟಿದರೆ ಆ ಸ್ಥಾನ ಕಳೆದುಹೋಗುತ್ತದೆ. ಹೀಗಾಗಿ ಕೊಂಡವನು ತನ್ನ ಗಡಿಯಾರಕ್ಕೆ ತಾನೇ ಕಾವಲುಗಾರನಾದ.

ಹೊಗೆ ಕೊಳವೆಯ ದೃಷ್ಟಾಂತ

ತಂಬಾಕು ಸೇದುವ ಪೈಪುಗಳನ್ನು ಸಂಗ್ರಹಿಸುವವರ ನಡುವೆ ಇದೇ ಚರ್ಚೆ ಬಹುಕಾಲದಿಂದ ನಡೆದಿದೆ. ಮೆಡಿಟರೇನಿಯನ್ ಸೀಮೆಯ ಪೊದೆಯೊಂದರ ಬೇರುಗಂಟಿನಿಂದ ಕೆತ್ತಿದ ಬ್ರಯರ್ ಪೈಪನ್ನು ಒಮ್ಮೆ ಸೇದಿದರೆ ಅದರ ಬಟ್ಟಲಿನೊಳಗೆ ಇದ್ದಿಲಿನ ಪದರ ಕಟ್ಟತೊಡಗುತ್ತದೆ. ಆಮೇಲೆ ಅದು ಸೇದದ ಪೈಪಾಗಿ ಉಳಿಯುವುದಿಲ್ಲ. ಸಂಗ್ರಹಕಾರನ ಲೆಕ್ಕದಲ್ಲಿ ಅದರ ಬೆಲೆ ಇಳಿಯುತ್ತದೆ. ಟರ್ಕಿ ದೇಶದ ಎಸ್ಕಿಶೆಹಿರ್ ಪ್ರಾಂತ್ಯದ ಮೃದುವಾದ ಬಿಳಿಶಿಲೆಯಿಂದ ಮಾಡಿದ ಮೀರ್‌ಶಾಮ್ ಪೈಪಿನ ಸ್ವಭಾವ ಇದಕ್ಕೆ ವಿರುದ್ಧ. ಅದು ವರ್ಷಗಳ ಬಳಕೆಯಿಂದ ಜೇನಿನ ಬಣ್ಣಕ್ಕೆ ತಿರುಗುತ್ತದೆ; ಆ ಬಣ್ಣವೇ ಅದರ ಸೌಂದರ್ಯ. ಪೆಟ್ಟಿಗೆಯಲ್ಲಿಟ್ಟರೆ ಅದು ಎಂದಿಗೂ ಬಿಳುಪಾಗಿಯೇ ಉಳಿಯುತ್ತದೆ.

ತಂಬಾಕು ದೇಹಕ್ಕೆ ಹಾನಿಕರವಾದ್ದರಿಂದ ಪೈಪನ್ನು ಸೇದದೆ ಇಡುವುದಕ್ಕೆ ಬಲವಾದ ಕಾರಣವಾದರೂ ಇದೆ. ಗಡಿಯಾರವನ್ನು ಕಟ್ಟದೆ ಇಡುವುದಕ್ಕೆ ಅಂತಹ ಕಾರಣವಿಲ್ಲ. ಹಾಗಾದರೆ ಕಟ್ಟದೆ ಇಟ್ಟ ಗಡಿಯಾರ ನಿಜಕ್ಕೂ ಸುರಕ್ಷಿತವಾಗಿರುತ್ತದೆಯೇ? ಉತ್ತರಕ್ಕಾಗಿ ಅದರ ಒಳಗನ್ನು ನೋಡಬೇಕು.

ನಿಂತ ಗಡಿಯಾರದೊಳಗೆ ನಡೆಯುವುದೇನು?

ಜನತಾ ಮಾದರಿಯಂತಹ ಕೀಲಿ ಗಡಿಯಾರದ ಶಕ್ತಿಯೆಲ್ಲ ಸುರುಳಿ ಸುತ್ತಿದ ಒಂದು ಉಕ್ಕಿನ ಪಟ್ಟಿಯಲ್ಲಿದೆ. ಕೀಲಿ ಕೊಟ್ಟಾಗ ಅದು ಬಿಗಿಯುತ್ತದೆ. ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ಕೊನೆಯಲ್ಲಿರುವ ತೂಗುಚಕ್ರ ಆ ವೇಗವನ್ನು ಹಿಡಿತದಲ್ಲಿಡುತ್ತದೆ. ಅದು ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಬಡಿಯುತ್ತದೆ. ಒಂದು ದಿನಕ್ಕೆ 4,32,000 ಬಡಿತಗಳು. ಗಡಿಯಾರದ ಮುಖದ ಮೇಲೆ ಕಾಣುವ 17 ಜ್ಯುವೆಲ್ಸ್ ಎಂಬ ಬರಹ ಆಭರಣಕ್ಕೆ ಸಂಬಂಧಿಸಿದ್ದಲ್ಲ. ಗಾಲಿಗಳ ಸೂಕ್ಷ್ಮ ಅಚ್ಚುಗಳು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳ ಸಂಖ್ಯೆ ಅದು.

ಆ ಹರಳುಗಳ ಬಳಿ ಸೂಜಿಮೊನೆಯಷ್ಟು ಎಣ್ಣೆಯಿರುತ್ತದೆ. ಇಡೀ ಚರ್ಚೆಯ ಗುಟ್ಟು ಅಡಗಿರುವುದು ಈ ಹನಿಯಲ್ಲಿಯೇ. ಗಡಿಯಾರ ನಡೆಯಲಿ, ನಿಲ್ಲಲಿ, ಎಣ್ಣೆ ತನ್ನ ಪಾಡಿಗೆ ತಾನು ಹಳತಾಗುತ್ತದೆ. ಕೆಲವೆಡೆ ಹರಡಿ ಆರುತ್ತದೆ, ಕೆಲವೆಡೆ ಅಂಟಿನಂತೆ ಗಟ್ಟಿಯಾಗುತ್ತದೆ. ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಗಡಿಯಾರ ಹೊರಗೆ ಹೊಳೆಯುತ್ತಿದ್ದರೂ ಒಳಗೆ ಒಣಗಿರುತ್ತದೆ. ಅದನ್ನು ಹೊರತೆಗೆದು ಹಾಗೆಯೇ ಕೀಲಿ ಕೊಟ್ಟು ನಡೆಸಿದರೆ ಲೋಹಕ್ಕೆ ಹರಳು ಉಜ್ಜಿ ಅಚ್ಚುಗಳು ಸವೆಯುತ್ತವೆ. ನಿಂತಿರುವಾಗ ಆಗದ ಹಾನಿ ಆಗ ಆಗುತ್ತದೆ. ತಿಂಗಳಿಗೊಮ್ಮೆ ಕೀಲಿ ಕೊಟ್ಟರೆ ಸಾಕೆಂಬ ರೂಢಿಯ ಮಾತು ಎಣ್ಣೆ ಹೊಸದಾಗಿದ್ದಾಗ ಮಾತ್ರ ಹಿತಕರ.

ಪ್ರತಿದಿನ ಕಟ್ಟುವುದಕ್ಕೂ ಅದರದ್ದೇ ಆದ ವೆಚ್ಚವುಂಟು. ಹಳೆಯ ಗಡಿಯಾರಗಳಿಗೆ ನೀರು ತಡೆಯುವ ಶಕ್ತಿ ಇಲ್ಲವೆಂದೇ ಭಾವಿಸಬೇಕು. ಬೆವರಿನಿಂದ ಹೊರಕವಚದ ಲೇಪ ಕೀಳುತ್ತದೆ. ಬೆಂಗಳೂರಿನ ಸಂಜೆಮಳೆಯಲ್ಲಿ ಒಮ್ಮೆ ನೆನೆದರೆ ತೇವ ಒಳಗೆ ಸೇರಿ ಮುಖಫಲಕದ ಮೇಲೆ ಕಲೆ ಮೂಡುತ್ತದೆ. ಧ್ವನಿವರ್ಧಕ, ಮೊಬೈಲ್ ಫೋನಿನ ಅಯಸ್ಕಾಂತಗಳ ತೀರ ಸಮೀಪದಲ್ಲಿಟ್ಟರೆ ಕೂದಲೆಳೆಯಂತಹ ಒಳತಂತಿ ಕಾಂತತ್ವ ಪಡೆದು ಗಡಿಯಾರ ವೇಗವಾಗಿ ಓಡತೊಡಗಬಹುದು. ಹೀಗೆ ಕಟ್ಟಿದರೂ ಸವೆತ, ಇಟ್ಟರೂ ಸವೆತ. ಎರಡಕ್ಕೂ ಮದ್ದು ಒಂದೇ: ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕುವ ಒಬ್ಬ ನುರಿತ ಕೆಲಸಗಾರ.

ಒಂದನ್ನು ಉಳಿಸಲು ಎರಡರ ಬಲಿ

ಸಂಗ್ರಹದ ಹವ್ಯಾಸಕ್ಕೆ ಹೆಚ್ಚು ಚರ್ಚೆಯಾಗದ ಇನ್ನೊಂದು ಮುಖವಿದೆ. ಯಾಂತ್ರಿಕ ಮಾದರಿಗಳ ತಯಾರಿಕೆ ನಿಂತಾಗ ಬಿಡಿಭಾಗಗಳ ತಯಾರಿಕೆಯೂ ನಿಂತಿತು. ಇಂದು ಬಿಡಿಭಾಗ ದೊರೆಯುವುದು ಹಳೆಯ ದಾಸ್ತಾನಿನಿಂದ, ಇಲ್ಲವೇ ಇನ್ನೊಂದು ಗಡಿಯಾರವನ್ನು ಬಿಚ್ಚುವುದರಿಂದ. ಒಂದರ ತೂಗುಚಕ್ರ, ಇನ್ನೊಂದರ ಕವಚ, ಮತ್ತೊಂದರ ಮುಳ್ಳುಗಳನ್ನು ಸೇರಿಸಿ ಒಂದು ಗಡಿಯಾರ ಮಾಡಿ ಮಾರುವ ವ್ಯಾಪಾರ ಬೆಳೆದಿದೆ. ಇವುಗಳನ್ನು ಸಂಗ್ರಹಕಾರರು ‘ಫ್ರಾಂಕನ್’ ಎಂದು ಕರೆಯುತ್ತಾರೆ. ಮಾಸಿದ ಮುಖಫಲಕಕ್ಕೆ ಹೊಸ ಬಣ್ಣ ಬಳಿದು, ಕಂಪನಿ ಎಂದೂ ಬಿಡುಗಡೆ ಮಾಡದ ವರ್ಣಗಳಲ್ಲಿ ಪೈಲಟ್, ಜನತಾ ಹೆಸರು ಮುದ್ರಿಸಿ ಹಳೆಯದೆಂದು ಮಾರುವುದೂ ಸಾಮಾನ್ಯ. ಅಕ್ಷರಗಳ ಅಂಚು ಹರಡಿದ್ದರೆ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂಡದಿದ್ದರೆ, ವಿಪರೀತ ಹೊಳಪಿದ್ದರೆ ಕೊಳ್ಳುವವರು ಅನುಮಾನಿಸುವುದು ಒಳಿತು. ಹಿಂಬದಿಯ ಮುಚ್ಚಳ ತೆಗೆಸಿ ಯಂತ್ರವನ್ನು ನೋಡದೆ ಹಣ ಕೊಡಬಾರದು.

ಬೇಡಿಕೆ ಹೆಚ್ಚಿದಷ್ಟೂ ಹೀಗೆ ಬಿಚ್ಚಿಹಾಕುವ ಕೆಲಸವೂ ಹೆಚ್ಚುತ್ತದೆ. ಬೀರುವಿನಲ್ಲಿ ನಿಂತಿದ್ದ ತಾತನ ಗಡಿಯಾರವನ್ನು ಹಳೆ ಸಾಮಾನಿನೊಂದಿಗೆ ಚಿಲ್ಲರೆ ಹಣಕ್ಕೆ ಕೊಟ್ಟರೆ ಅದು ಕೊನೆಗೆ ಇನ್ನಾರದೋ ಪೆಟ್ಟಿಗೆಯ ಗಡಿಯಾರಕ್ಕೆ ಬಿಡಿಭಾಗವಾಗಬಹುದು. ಗಡಿಯಾರವೇನೋ ಉಳಿಯುತ್ತದೆ, ಯಾರು, ಯಾವಾಗ, ಯಾರಿಗೆ ಕೊಟ್ಟರೆಂಬ ಅದರ ಕತೆ ಅಲ್ಲಿಗೆ ಮುಗಿಯುತ್ತದೆ.

ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡವರು

ಜಯನಗರ 4ನೇ ಬ್ಲಾಕ್‌ನ ಅಂಗಡಿ ಸಾಲುಗಳಲ್ಲಿ, ಗಾಂಧಿಬಜಾರಿನ ಸುತ್ತಲಿನ ರಸ್ತೆಗಳಲ್ಲಿ ಗಡಿಯಾರ ರಿಪೇರಿಯ ಪುಟ್ಟ ಮೇಜುಗಳು ಒಂದು ಕಾಲದಲ್ಲಿ ಪರಿಚಿತ ದೃಶ್ಯ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಗಾಜಿನ ಮರೆಯಲ್ಲಿ ತಲೆ ತಗ್ಗಿಸಿ ಕುಳಿತ ಕೆಲಸಗಾರನಿಗೆ ಈಗ ಬರುವ ಕೆಲಸ ಬಹುತೇಕ ಬ್ಯಾಟರಿ ಬದಲಿಸುವುದು, ಪಟ್ಟಿ ಕತ್ತರಿಸುವುದು. ಕೀಲಿ ಗಡಿಯಾರ ಬಿಚ್ಚಿ ಜೋಡಿಸಬಲ್ಲವರಿಗೆ ವಯಸ್ಸಾಗುತ್ತಿದೆ. ಅವರ ಮಕ್ಕಳು ಆ ಮೇಜಿಗೆ ಬರುವುದು ವಿರಳ. ಗಡಿಯಾರ ಪೆಟ್ಟಿಗೆಯಲ್ಲೇ ಕುಳಿತರೆ ಈ ಮೇಜಿಗೆ ಕೆಲಸವಿಲ್ಲ. ಮೇಜು ಮುಚ್ಚಿದರೆ ಪೆಟ್ಟಿಗೆಯಲ್ಲಿರುವ ಗಡಿಯಾರಕ್ಕೆ ಮುಂದೆ ಜೀವ ಕೊಡುವವರಿಲ್ಲ. ಕಾಪಾಡಬೇಕಾದ ವಸ್ತು ಗಡಿಯಾರವೊಂದೇ ಅಲ್ಲ, ಅದನ್ನು ಬಲ್ಲ ಕೈಯೂ ಹೌದು. ಆ ಕೈಯನ್ನು ಯಾವ ಸಂಗ್ರಹಕಾರನೂ ಪೆಟ್ಟಿಗೆಯಲ್ಲಿಡಲಾರ.

ಇದರರ್ಥ ಸಂಗ್ರಹ ವ್ಯರ್ಥವೆಂದಲ್ಲ. ಯಾವ ಮಾದರಿ ಎಂದು ಬಂತು, ಮೂಲ ಮುಖಫಲಕ ಹೇಗಿತ್ತು ಎಂಬ ತಿಳಿವಳಿಕೆಯನ್ನು ಇಂದು ಉಳಿಸಿರುವವರು ಬಹುಪಾಲು ಹವ್ಯಾಸಿಗಳೇ. ಎಂದೂ ಕಟ್ಟದ ಒಂದು ಪ್ರತಿ ಎಲ್ಲಿಯಾದರೂ ಉಳಿದಿದ್ದರೆ ಮಾತ್ರ ನಕಲಿಯನ್ನು ನಕಲಿಯೆಂದು ಹೇಳಲು ಸಾಧ್ಯ. ಅಂತಹ ಪ್ರತಿಗಳಿಗೆ ಸಾರ್ವಜನಿಕ ಜಾಗವೊಂದು ಈಗ ನಗರದಲ್ಲಿಯೇ ಇದೆ. ಜಾಲಹಳ್ಳಿಯಲ್ಲಿ ಎಚ್‌ಎಂಟಿ ಪರಂಪರಾ ಕೇಂದ್ರ ಹಾಗೂ ವಸ್ತುಸಂಗ್ರಹಾಲಯ 2019ರಲ್ಲಿ ಆರಂಭವಾಗಿದೆ. ಜಯನಗರ, ಬನಶಂಕರಿ, ಜೆ.ಪಿ. ನಗರದವರು ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ರೈಲು ಬದಲಿಸದೆಯೇ ಆ ಭಾಗವನ್ನು ತಲುಪಬಹುದು. ಗಾಜಿನ ಹಿಂದೆ ಇರಬೇಕಾದ ಗಡಿಯಾರಕ್ಕೆ ಅದು ತಕ್ಕ ಸ್ಥಳ. ಮನೆಯ ಗಡಿಯಾರದ ಸಂಗತಿ ಬೇರೆ.

ಮನೆಯಲ್ಲಿದ್ದರೆ ಏನು ಮಾಡಬೇಕು?

ಬಹುಕಾಲದಿಂದ ನಿಂತಿರುವ ಕೀಲಿ ಗಡಿಯಾರವನ್ನು ಪರೀಕ್ಷೆಗೆಂದು ಬಲವಾಗಿ ತಿರುಗಿಸಬಾರದು. ಮೊದಲು ಬಲ್ಲವರಿಂದ ಸ್ವಚ್ಛಗೊಳಿಸಿ ಎಣ್ಣೆ ಹಾಕಿಸಬೇಕು. ಮುಖಫಲಕಕ್ಕೆ ಹೊಸ ಬಣ್ಣ ಬಳಿಯುವುದು ಬೇಡವೆಂದು ಮುಂಚಿತವಾಗಿಯೇ ತಿಳಿಸಬೇಕು. ಮಾಸಿದ ಮೂಲ ಬಣ್ಣಕ್ಕೇ ಬೆಲೆ ಹೆಚ್ಚು. ಪ್ಲಾಸ್ಟಿಕ್ ಗಾಜಿನ ಮೇಲಿನ ಸಣ್ಣ ಗೀರುಗಳನ್ನು ಪಾಲಿಶ್‌ನಿಂದ ತೆಗೆಯಬಹುದು, ಬದಲಿಸಬೇಕಿಲ್ಲ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಬ್ಯಾಟರಿ ಗಡಿಯಾರವಾದರೆ ಸತ್ತ ಬ್ಯಾಟರಿಯನ್ನು ತಡಮಾಡದೆ ತೆಗೆಸಬೇಕು; ಅದು ಸೋರಿದರೆ ಒಳಗಿನ ಯಂತ್ರ ಹಾಳಾಗುತ್ತದೆ. ಇಡುವ ಜಾಗ ತೇವವಿಲ್ಲದಿರಲಿ. ಯಾರ ಗಡಿಯಾರ, ಯಾವ ವರ್ಷ, ಯಾವ ಸಂದರ್ಭ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು ಎಲ್ಲಕ್ಕಿಂತ ಸುಲಭ, ಎಲ್ಲರೂ ಮರೆಯುವ ಕೆಲಸವೂ ಅದೇ.

ಆಮೇಲೆ ಅದನ್ನು ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆಯಾದರೂ ಕಟ್ಟಿಕೊಳ್ಳಬಹುದು. ಗೀರು ಬಿದ್ದೀತೆಂಬ ಭಯ ಸಹಜ. ಆದರೆ ಅದರ ಮೇಲೆ ಈಗಾಗಲೇ ಇರುವ ಗೀರುಗಳು ಬಿದ್ದದ್ದು ಕಚೇರಿಯ ಮೇಜಿಗೆ, ಬಿಟಿಎಸ್ ಬಸ್ಸಿನ ಕಂಬಿಗೆ, ಎತ್ತಿಕೊಂಡ ಮಗುವಿನ ಕಾಲ್ಗೆಜ್ಜೆಗೆ ತಾಕಿ. ಆ ಮಗುವೇ ಈಗ ಗಡಿಯಾರವನ್ನು ಕೈಯಲ್ಲಿ ಹಿಡಿದು, ಕಟ್ಟಲೋ ಇಡಲೋ ಎಂದು ಯೋಚಿಸುತ್ತಿರುವುದು.