ಕೈಯ ಜಡ್ಡು, ಮೈಯ ಜಡ್ಡು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ‘ಜಡ್ಡು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ದುಡಿದ ಅಂಗೈ ಗಡುಸಾದರೆ ಜಡ್ಡುಗಟ್ಟಿತೆನ್ನುವರು. ಮನುಷ್ಯ ಹಾಸಿಗೆ ಹಿಡಿದರೂ ಜಡ್ಡು ಬಂದಿತೆನ್ನುವರು. ಮೊದಲನೆಯದು ಶರೀರದ ರಕ್ಷಣೆ, ಎರಡನೆಯದು ಅದರ ಸೋಲು. ಆದರೆ ರಕ್ಷಣೆಗೆಂದು ಹಿಡಿದ ದಾರಿಯೇ ಕೆಲವೊಮ್ಮೆ ಸೋಲಿಗೆ ಒಯ್ಯುವುದುಂಟು.

ರೋಗದ ಮೂಲವನ್ನು ಜೀವಕೋಶಗಳಲ್ಲಿ ಅರಸಬೇಕೆಂದು 1858ರಲ್ಲಿ ಪ್ರತಿಪಾದಿಸಿದವನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೊ. ಕಷ್ಟ ಒದಗಿದೊಡನೆ ಕೋಶಗಳು ಸಾಯುವುದಿಲ್ಲ; ಆದಷ್ಟು ಹೊಂದಿಕೊಂಡು ಬಾಳಲು ಯತ್ನಿಸುತ್ತವೆ. ಈ ಹೊಂದಾಣಿಕೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯದು ಸಂಖ್ಯೆಯ ವೃದ್ಧಿ. ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಕೈಯಲ್ಲಿ, ತಿಕ್ಕಾಟ ಬೀಳುವೆಡೆ ಚರ್ಮದ ಕೋಶಗಳು ಹೆಚ್ಚಾಗಿ ಹುಟ್ಟಿ ದಪ್ಪ ಪದರವಾಗುತ್ತವೆ. ಎರಡನೆಯದು ಗಾತ್ರದ ವೃದ್ಧಿ. ಗರಡಿಯಲ್ಲಿ ಸಾಮು ಮಾಡುವ ಪೈಲವಾನನ ತೋಳು ಹುರಿಗೊಳ್ಳುವುದು ಮುಖ್ಯವಾಗಿ ಇದ್ದ ಸ್ನಾಯುಕೋಶಗಳೇ ದಪ್ಪವಾಗುವುದರಿಂದ. ತೋಳಿಗೆ ಇದು ಶೋಭೆ, ಹೃದಯಕ್ಕೆ ಅಪಾಯ. ರಕ್ತದೊತ್ತಡ ವರ್ಷಗಟ್ಟಲೆ ಏರಿಯೇ ಇದ್ದರೆ ಹೃದಯದ ಎಡಗೋಡೆ ದಪ್ಪವಾಗಿ, ಬೆಳೆದ ಸ್ನಾಯುವಿಗೆ ತಕ್ಕಷ್ಟು ರಕ್ತ ಒದಗದೆ, ಕಡೆಗೆ ಹೃದಯವೇ ದಣಿಯಬಹುದು. ಮೂರನೆಯದು ಕುಗ್ಗುವಿಕೆ. ಮುರಿದ ಕೈಯನ್ನು ಕೆಲವು ವಾರ ಪ್ಲಾಸ್ಟರಿನಲ್ಲಿರಿಸಿ ಬಿಚ್ಚಿದಾಗ ಅದು ಬಡಕಲಾಗಿ ಕಾಣುತ್ತದೆ. ಕೆಲಸವಿಲ್ಲದ ಕೋಶ ತನ್ನ ಒಡಲನ್ನೇ ಕರಗಿಸಿ ಮಿತವ್ಯಯ ಮಾಡಿಕೊಂಡಿರುತ್ತದೆ. ವ್ಯಾಯಾಮ ದೊರೆತರೆ ಮರಳಿ ತುಂಬಿಕೊಳ್ಳುತ್ತದೆ.

ನಾಲ್ಕನೆಯದು ವೇಷಾಂತರ. ಇದನ್ನರಿಯಲು ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯತ್ತ ನೋಡಬೇಕು. ತಂಬಾಕಿನ ಯೋಗ್ಯ ಬೆಲೆಗಾಗಿ 1981ರಲ್ಲಿ ಇಲ್ಲಿಯ ರೈತರು ದೊಡ್ಡ ಚಳವಳಿಯನ್ನೇ ಹೂಡಿದ್ದರು. ಆ ಎಲೆಯನ್ನು ಸೇದುವವರು ತೆರುವ ಬೆಲೆಯಾದರೋ ಬೇರೆ ಬಗೆಯದು. ಆರೋಗ್ಯವಂತನ ಶ್ವಾಸನಾಳದ ಒಳಪದರದಲ್ಲಿ ನೀಳವಾದ ಕೋಶಗಳಿದ್ದು, ಅವುಗಳ ತುದಿಯ ಸೂಕ್ಷ್ಮ ರೋಮಗಳು ಎಡೆಬಿಡದೆ ಬೀಸಾಡುತ್ತ ಧೂಳು, ಕಫಗಳನ್ನು ಮೇಲಕ್ಕೆ ಗುಡಿಸುತ್ತವೆ. ನಿತ್ಯವೂ ಹೊಗೆ ತಾಗಿದರೆ, ಕಾಲಕ್ರಮದಲ್ಲಿ ಅವುಗಳ ಜಾಗದಲ್ಲಿ ಚಪ್ಪಟೆಯಾದ ಗಟ್ಟಿ ಕೋಶಗಳು ತಲೆದೋರುತ್ತವೆ. ಅವು ಹೊಗೆಯನ್ನು ತಾಳಬಲ್ಲವು, ಗುಡಿಸಲಾರವು. ಇತ್ತ ಕಫ ಹೆಚ್ಚುತ್ತದೆ. ಅದನ್ನು ಹೊರಹಾಕಲು ಕೆಮ್ಮೊಂದೇ ಗತಿ. ಬೀಡಿ ಸೇದುವವರನ್ನು ಬೆಳಗಿನ ಜಾವ ಕಾಡುವ ಕೆಮ್ಮಿಗೆ ಇದೂ ಒಂದು ಕಾರಣ.

ಈ ಹಂತದಲ್ಲಿ ಬೀಡಿಯನ್ನು ಬಿಟ್ಟರೆ ಒಳಪದರವು ಮೆಲ್ಲನೆ ಮೊದಲಿನಂತಾಗಬಲ್ಲದು. ಚಟ ಮುಂದುವರಿದರೆ ಕೋಶಗಳ ವಂಶವಾಹಿಗಳಿಗೇ ಪೆಟ್ಟು ಬೀಳುತ್ತದೆ. ಆಕಾರ ಕೆಡುತ್ತದೆ, ಜೋಡಣೆ ತಪ್ಪುತ್ತದೆ. ಕೊನೆಗೆ ಯಾವುದೋ ಒಂದು ಕೋಶ ಶರೀರದ ಅಂಕೆಯನ್ನು ಮೀರಿ ಬೆಳೆಯತೊಡಗುತ್ತದೆ. ಅದೇ ಕ್ಯಾನ್ಸರ್. ಅದು ಹೊಂದಾಣಿಕೆಯಲ್ಲ, ದಂಗೆ. ಬೀಡಿ ಬಿಟ್ಟ ಮಾತ್ರಕ್ಕೆ ಅದು ಹಿಂದೆಗೆಯುವುದಿಲ್ಲ.

ಒಳಗಿನ ಈ ವ್ಯಾಪಾರ ಕಣ್ಣಿಗೆ ಬೀಳುವುದಿಲ್ಲ, ಬಾಯಲ್ಲಾದರೆ ಕಾಣಬಹುದು. ತಂಬಾಕು ಅಗಿಯುವವರ ಕೆನ್ನೆಯ ಒಳಗೆ ಒರಸಿದರೂ ಹೋಗದ ಬಿಳಿಯ ಮಚ್ಚೆ ಮೂಡುವುದುಂಟು. ಅಂಥವೆಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಕೆಲವು ಆಗುತ್ತವೆ. ಯಾವುದು ಯಾವುದೆಂದು ಬರಿಗಣ್ಣು ಹೇಳಲಾರದು. ಅದರ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ನೋವಿಲ್ಲವೆಂದು ಸುಮ್ಮನಿರುವುದು ತರವಲ್ಲ. ಮನೆಯ ಹಿರಿಯರ ಬಾಯಲ್ಲಿ ಇಂಥ ಮಚ್ಚೆಯೋ ಹುಣ್ಣೋ ಎರಡು ವಾರ ಕಳೆದರೂ ಮಾಯದಿದ್ದರೆ, ವೈದ್ಯರಿಗೆ ತೋರಿಸಲು ತಡಮಾಡಬಾರದು.